ಒದ್ದೆ ಗೋಡೆಯ ಮುಂದೆ ಸ್ವಯಂಸೇವಕ



ಧಾರವಾಡದಿಂದ ಲೋಂಡಾ ಕಡೆಗೆ ರೈಲಿನಲ್ಲಿ ಹೋದವರಿಗೆ ಅಳ್ನಾವರ ಜಂಕ್ಷನ್ ಪರಿಚಿತ. ಮಲೆನಾಡಿನ ಅಂಚಿನ ಈ ಊರಿನಲ್ಲಿ 2019ರ ಆಗಸ್ಟ್ ಮೊದಲ ವಾರ ಸುರಿದ ಮಳೆಗೆ ಡೌಗಿ ನಾಲಾ ಉಕ್ಕಿ, ನೀರು ಮನೆಗಳೊಳಗೆ ನುಗ್ಗಿತು. ಹತ್ತಿರದ ಹುಲಿಕೇರಿಯ ಇಂದಿರಮ್ಮನ ಕೆರೆ ಒಡೆದೀತೆಂಬ ಭೀತಿ ಸುತ್ತಲೂ ಹಬ್ಬಿತು. ಇಂಥ ಹೊತ್ತಿನಲ್ಲಿ ನಮ್ಮ ಕ್ಯಾಮೆರಾಗಳು ದೋಣಿಯನ್ನು, ಅನ್ನದ ಪೊಟ್ಟಣವನ್ನು ಹುಡುಕುತ್ತವೆ. ನೀರು ಇಳಿದೊಡನೆ ಅವೂ ಹಿಂದಿರುಗುತ್ತವೆ. ಮಣ್ಣಿನ ಗೋಡೆಯ ಮನೆಯವರಿಗೆ ಆಗಲೂ ಅಪಾಯ ಮುಗಿದಿರುವುದಿಲ್ಲ.

ಏಕೆಂದು ನೋಡೋಣ. ಚಿಕ್ಕವರಿದ್ದಾಗ ಮರಳಿನಲ್ಲಿ ಕಾಲಿಟ್ಟು ಗುಬ್ಬಿಗೂಡು ಕಟ್ಟಿದ್ದೀರಲ್ಲವೆ? ಒಣ ಮರಳಿನಲ್ಲಿ ಗೂಡು ನಿಲ್ಲದು. ಕೊಡ ನೀರು ಸುರಿದರೂ ನಿಲ್ಲದು. ಅಲ್ಪ ತೇವವಿದ್ದರೆ ಮಾತ್ರ ನೀರಿನ ಮೇಲ್ಮೈ ಎಳೆತ ಕಣಗಳನ್ನು ಬಿಗಿದು ಹಿಡಿಯುತ್ತದೆ. ಮಣ್ಣಿನ ಗೋಡೆಯಲ್ಲಿಯೂ ಇದೇ ಬಿಗಿತ ಬಹುಪಾಲು ಕೆಲಸ ಮಾಡುತ್ತಿರುತ್ತದೆ. ನೆರೆಯ ನೀರು ಬುಡದಲ್ಲಿ ನಿಂತರೆ, ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಗೋಡೆ ಅದನ್ನು ಮೇಲಕ್ಕೆ ಹೀರುತ್ತದೆ. ಕಣಗಳ ನಡುವಿನ ಜಾಗವೆಲ್ಲ ನೀರಿನಿಂದ ತುಂಬಿದಾಗ ಬಿಗಿತ ಹೋಗಿ, ಬುಡ ಮೆತ್ತಗಾಗುತ್ತದೆ. ನೀರು ನಿಂತಿರುವಷ್ಟು ಹೊತ್ತು ಎರಡೂ ಬದಿಯಿಂದ ಒತ್ತಿ ಗೋಡೆಗೆ ಒಂದಿಷ್ಟು ಆಸರೆಯನ್ನೂ ಕೊಟ್ಟಿರುತ್ತದೆ. ಇಳಿದಾಗ ಆ ಆಸರೆಯೂ ಇಲ್ಲ.

ಮೇಲೆ ಮಂಗಳೂರು ಹಂಚಿನ ಭಾರ ಬೇರೆ. ಒಂದು ಹಂಚು ಸುಮಾರು ಎರಡು-ಮೂರು ಕಿಲೋ ತೂಗುತ್ತದೆ; ಸಾವಿರ ಹಂಚಿನ ಮಾಡಿನ ಲೆಕ್ಕ ನೀವೇ ಮಾಡಿ. ಅಂದಹಾಗೆ, ಈ ಹಂಚಿಗೂ ಕ್ರೈಸ್ತ ಮಿಷನ್ನಿಗೂ ನಂಟುಂಟು. 1837ರಲ್ಲಿಯೇ ಧಾರವಾಡದಲ್ಲಿ ನೆಲೆಯೂರಿದ ಬಾಸೆಲ್ ಮಿಷನ್, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು.

ವಿಪತ್ತಿನ ನಂತರ ಮನೆ ರಿಪೇರಿಗಾಗಿ ತಂಡ ಕಟ್ಟಿಕೊಂಡು ಹೋಗುವ ಪದ್ಧತಿಯೂ ಚರ್ಚುಗಳ ವಲಯದಲ್ಲಿ ಬಹಳ ರೂಢಿಯಲ್ಲಿದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯೆರ್ ಸೆರೆಸೋಲ್ ತಮ್ಮ ಕ್ರೈಸ್ತ ನಂಬಿಕೆಯ ಬಲದಿಂದಲೇ ಯುದ್ಧವನ್ನು ವಿರೋಧಿಸಿದವರು. ಮೊದಲ ಮಹಾಯುದ್ಧದಲ್ಲಿ ನೆಲಸಮವಾದ ಫ್ರಾನ್ಸಿನ ವೆರ್ದೂನ್ ಬಳಿಯ ಒಂದು ಹಳ್ಳಿಯಲ್ಲಿ 1920ರಲ್ಲಿ ಅವರು ಮನೆ ಕಟ್ಟುವ ಶಿಬಿರ ಆರಂಭಿಸಿದರು. 1934ರ ಜನವರಿ 15ರ ಬಿಹಾರ ಭೂಕಂಪದ ನಂತರ ಕೆಲವೇ ಸಂಗಡಿಗರೊಡನೆ ಭಾರತಕ್ಕೆ ಬಂದು, ಹಳ್ಳಿಯವರ ಜೊತೆ ಗುದ್ದಲಿ ಹಿಡಿದರು. ಬಂದು ಹಣ ಕೊಟ್ಟು ಹೋಗಲಿಲ್ಲ. 1937ರವರೆಗೆ ಮತ್ತೆ ಮತ್ತೆ ಬಂದರು. ನನಗೆ ಮುಖ್ಯವೆನಿಸುವುದು ಈ ಮರಳಿ ಬರುವಿಕೆ.

ಏಕೆಂದರೆ, ಐದು ದಿನದ ರಜೆಯಲ್ಲಿ ಹೋದ ತಂಡಕ್ಕೆ ಒಂದು ದೊಡ್ಡ ಆಮಿಷವಿರುತ್ತದೆ: ಕೆಲಸ ಮುಗಿಸಿ, ಹೊಸ ಗೋಡೆಯ ಮುಂದೆ ಫೋಟೋ ತೆಗೆಸಿಕೊಂಡು ಹಿಂದಿರುಗಬೇಕು. ಅದಕ್ಕಾಗಿ ಹಸಿ ಗೋಡೆಗೇ ಸಿಮೆಂಟ್ ಗಿಲಾವು ಬಳಿಯುತ್ತಾರೆ. ಒಳಗಿನ ತೇವಕ್ಕೆ ದಾರಿ ಮುಚ್ಚುತ್ತದೆ. ಗೋಡೆ ಹೊರಗೆ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಮೆತ್ತಗೇ ಉಳಿಯುತ್ತದೆ. ಮುಂದೆ ಗಿಲಾವು ಹಪ್ಪಳದಂತೆ ಕಳಚುತ್ತದೆ. ಆ ಮನೆಯಲ್ಲಿ ಮಲಗುವವರು ತಂಡದವರಲ್ಲ.

ಹಾಗಾದರೆ ಮೊದಲ ಭೇಟಿಯಲ್ಲಿ ಏನು ಮಾಡಬಹುದು? ಸಲಿಕೆ ಎತ್ತುವ ಮುನ್ನ ಮನೆಯವರನ್ನು ಕೇಳಿ: ಪಂಚನಾಮೆ ಆಯಿತೆ? 2019ರಲ್ಲಿ ಸರ್ಕಾರ ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯಾದದ್ದಕ್ಕೆ 50 ಸಾವಿರ ಎಂದು ವರ್ಗ ಮಾಡಿ ಪರಿಹಾರ ಘೋಷಿಸಿತ್ತು. ಗೋಡೆಯ ಮೇಲಿನ ನೀರಿನ ಗೆರೆಯೇ ಅಲ್ಲಿ ಸಾಕ್ಷಿ. ನೀವು ಉತ್ಸಾಹದಿಂದ ಅದನ್ನು ತೊಳೆದುಹಾಕಿದರೆ ಆ ಕುಟುಂಬದ ವರ್ಗವೇ ಬದಲಾಗಬಹುದು. ಆದ್ದರಿಂದ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದು ಮನೆಯವರಿಗೆ ಕೊಡಿ. ವಾಲಿದ ಗೋಡೆಯ ಹತ್ತಿರ ಹೋಗಬೇಡಿ. ಊರಿನ ಅನುಭವಿ ಗೌಂಡಿಯೇ ನೋಡಿ ಆಸರೆ ಕಂಬ ಕೊಡಲಿ, ಹಂಚು ಇಳಿಸಲಿ. ಸಾಲಾಗಿ ನಿಂತು ಹಂಚು ಸಾಗಿಸುವುದು, ತಾಡಪತ್ರಿ ಕಟ್ಟುವುದು, ಕೆಸರು ಹೊರಹಾಕುವುದು, ಬಾಗಿಲು ಕಿಟಕಿ ತೆರೆದು ಗಾಳಿಯಾಡಲು ಬಿಡುವುದು, ಇಷ್ಟು ನಿಮ್ಮ ಪಾಲಿನದು. ಅಷ್ಟಕ್ಕೇ ಬೆನ್ನು ನೋಯುತ್ತದೆ!

ಇನ್ನೊಂದು ಮಾತು. ಮನೆ ಕಳೆದುಕೊಂಡವರು ಬೇಡವೆನ್ನುವ ಸ್ಥಿತಿಯಲ್ಲಿರುವುದಿಲ್ಲ. ಆದ್ದರಿಂದ ಇಟ್ಟಿಗೆಯ ಜೊತೆಗೆ ಧರ್ಮವನ್ನಾಗಲಿ ರಾಜಕೀಯವನ್ನಾಗಲಿ ಕಟ್ಟಿ ಕೊಡಕೂಡದು. 1994ರಲ್ಲಿ ರೆಡ್ ಕ್ರಾಸ್ ಮುಂತಾದ ಸಂಸ್ಥೆಗಳು ಒಪ್ಪಿದ ನಡವಳಿಕೆಯ ಸಂಹಿತೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಮುಂದಿಟ್ಟವರಲ್ಲಿ ಕ್ಯಾರಿಟಾಸ್, ಚರ್ಚುಗಳ ವಿಶ್ವ ಮಂಡಳಿಯೂ ಇದ್ದವು ಎಂಬುದು ಗಮನಾರ್ಹ. ಬೆಳಗ್ಗೆ ನೀವು ನೀವೇ ಪ್ರಾರ್ಥನೆ ಮಾಡಿಕೊಂಡು ಹೊರಟರೆ ಯಾರ ಅಡ್ಡಿಯೂ ಇಲ್ಲ.

ಗಿಲಾವಿನ ಕೆಲಸಕ್ಕೆ ದಸರಾ ರಜೆಯಲ್ಲಿ ಮತ್ತೆ ಹೋಗಿ. ಅಳ್ನಾವರದ ಆಗಸ್ಟ್ ಗಾಳಿಯೇ ತೇವದಿಂದ ತುಂಬಿರುವುದರಿಂದ ಗೋಡೆ ಒಣಗಲು ವಾರಗಳೇ ಬೇಕು. ಒಣಗಿತೆ ಎಂದು ತಿಳಿಯಲು ಯಂತ್ರ ಬೇಡ. ಒಂದು ಮೊಳ ಪಾಲಿಥೀನ್ ಹಾಳೆಯನ್ನು ಗೋಡೆಗೆ ಅಂಚೆಲ್ಲ ಅಂಟಿಸಿ, ಒಂದು ರಾತ್ರಿ ಬಿಡಿ. ಬೆಳಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಹಸಿಯಾಗಿದೆ; ಗೌಂಡಿಗೆ ಮುಂದಿನ ವಾರ ಬರಲು ಹೇಳಿ.