ಮಹಾನಗರದ ಮಡಿಲಲ್ಲೊಂದು ಊರು

ಊರೆಂದರೆ ಬರಿಯ ಮನೆಗಳ ಸಮೂಹವಲ್ಲ. ನೆರಳು, ನೀರು, ನೆರೆಹೊರೆ ಈ ಮೂರೂ ಕೂಡಿದಾಗಲೇ ಜನವಸತಿಯು ಊರೆನಿಸಿಕೊಳ್ಳುತ್ತದೆ. ಇವು ಮೂರನ್ನೂ ಒಂದು ಮಹಾನಗರದ ನಟ್ಟನಡುವೆ ಕಾಣುವ ಯೋಗವು ಮಸ್ಕಿಯವನಾದ ನನಗೆ ಒದಗಿದ್ದು ಬೆಂಗಳೂರಿನ ಮಲ್ಲೇಶ್ವರದಲ್ಲಿ. ಮಗಳ ಮನೆಯಲ್ಲಿ ಎರಡು ತಿಂಗಳು ತಂಗಿದ್ದಾಗ ಕಂಡುದನ್ನು ಸದ್ಭಕ್ತ ಓದುಗರ ಮುಂದಿಡುತ್ತಿದ್ದೇನೆ.

ಈ ಬಡಾವಣೆಗೆ ಹೆಸರನ್ನಿತ್ತದ್ದು ಕಾಡು ಮಲ್ಲೇಶ್ವರನ ದೇಗುಲ. ಶಿವಾಜಿಯ ಮಲಸಹೋದರನಾದ ವೆಂಕೋಜಿಯ 1669ರ ಶಾಸನದಲ್ಲಿ ಇಲ್ಲಿನ ಮಲ್ಲಪುರದ ಉಲ್ಲೇಖವಿದೆ. ನಮ್ಮ ಮಸ್ಕಿಯ ಬೆಟ್ಟದ ಮೇಲಿರುವವನೂ ಮಲ್ಲಯ್ಯನೇ. ಆದುದರಿಂದ ಮೊದಲ ದಿನವೇ ಆ ಸ್ಥಳವು ನನಗೆ ಪರಕೀಯವೆನಿಸಲಿಲ್ಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಮಾರಿ ಬಂದೆರಗಿತು. ಗಾಳಿ ಬೆಳಕುಗಳಿಲ್ಲದ ಹಳೆಯ ಪೇಟೆಯ ಕಿಕ್ಕಿರಿದ ಓಣಿಗಳಲ್ಲಿ ಸಾವಿರಾರು ಜನ ಮಡಿದರು. ಆ ದುಃಖದ ಅರಿವಿನಿಂದಲೇ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ನೇರವಾದ ಅಗಲ ಬೀದಿಗಳು, ಮನೆಯ ಸುತ್ತ ತೆರಪು, ಹಿಂಬದಿಯಲ್ಲಿ ಶುಚಿಕಾರ್ಯಕ್ಕೆಂದು ಕಿರುಗಲ್ಲಿ, ಮುಂದೆ ಮರಗಳ ಸಾಲು. ಇಂದು ನಾವು ಸೊಬಗೆಂದು ಮೆಚ್ಚುವ ಆ ಹಸುರು, ಮೂಲತಃ ಪ್ರಾಣರಕ್ಷಣೆಯ ಉಪಾಯವಾಗಿತ್ತು.

ಪ್ರಾತಃಕಾಲದಲ್ಲಿ ಅಡ್ಡರಸ್ತೆಗಳಲ್ಲಿ ನಡೆದುಹೋದರೆ ಹೂವಾಡಗಿತ್ತಿಯ ಕೂಗು, ರಂಗವಲ್ಲಿ ಇಕ್ಕುವ ಗೃಹಿಣಿಯರು, ಕಟ್ಟೆಯ ಮೇಲೆ ಕುಳಿತ ವೃದ್ಧರು. ಮೂರನೆಯ ದಿನಕ್ಕೇ ಅವರು, “ಮಸ್ಕಿಯ ಶಾಸ್ತ್ರಿಗಳೇ, ಬನ್ನಿರಿ” ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಬಡಾವಣೆಯ ಅಂಚಿನಲ್ಲಿ 1882ರಲ್ಲಿ ಕಟ್ಟಿಸಿದ ಸ್ಯಾಂಕಿ ಕೆರೆಯಿದೆ. ಅದರ ಬದಿಯ ರಸ್ತೆಯಲ್ಲಿ ಮೇಲ್ಸೇತುವೆ ನಿರ್ಮಿಸುವ ಯೋಜನೆ ಬಂದಾಗ, 2023ರಲ್ಲಿ, ಮರಗಳನ್ನು ಉಳಿಸಬೇಕೆಂದು ನಿವಾಸಿಗಳು ಬೀದಿಗಿಳಿದರು. ನೆರಳನ್ನು ಅನುಭವಿಸಿದವರಿಗೇ ಅದರ ಬೆಲೆ ತಿಳಿದಿರುತ್ತದೆ.

ಆದರೆ ಅಲ್ಲಿಯೂ ಎಲ್ಲವೂ ಉಳಿದಿಲ್ಲ. ಸಂಪಿಗೆ ರಸ್ತೆಯಲ್ಲಿ ಸಂಪಿಗೆಗಿಂತ ಅಂಗಡಿಗಳೇ ಹೆಚ್ಚು. ಹೆಂಚಿನ ಮನೆಗಳು ಉರುಳಿ ಬಹುಮಹಡಿಗಳು ಏಳುತ್ತಿವೆ. ಅಂಥದೊಂದು ಕಟ್ಟಡದ ಮುಂದೆ ನಿಂತಿದ್ದಾಗ ನಮ್ಮ ಸೀಮೆಯ ಮಾತು ಕಿವಿಗೆ ಬಿತ್ತು. ವಿಚಾರಿಸಿದರೆ, ಸಿಂಧನೂರು, ಲಿಂಗಸುಗೂರು ಕಡೆಯಿಂದ ದುಡಿಯಲು ಬಂದ ದಂಪತಿಗಳು. ಮಧ್ಯಾಹ್ನ ಅವರು ರೊಟ್ಟಿಯ ಗಂಟು ಬಿಚ್ಚಿದ್ದು ಬೀದಿಯ ಮರವೊಂದರ ಬುಡದಲ್ಲಿ. “ಇಂಥ ನೆಳ್ಳು ನಮ್ಮೂರಾಗ ಇಲ್ಲರೀ ಯಪ್ಪಾ” ಎಂದಳು ಆ ತಾಯಿ.

ಆ ಮಾತು ನನ್ನನ್ನು ಚುಚ್ಚಿತು. ಕಾರಣವನ್ನು ಮುಚ್ಚಿಡಲಾರೆ. ನನ್ನ ತಂದೆಯವರು ಮನೆಯ ಮುಂದೆ ನೆಟ್ಟು ಬೆಳೆಸಿದ್ದ ಬೇವಿನ ಮರವನ್ನು, ಎರಡು ಅಂಗಡಿಗಳ ಬಾಡಿಗೆಯಾಸೆಗೆ, ಹನ್ನೆರಡು ವರ್ಷಗಳ ಹಿಂದೆ ನಾನೇ ಕಡಿಸಿದೆ. ಮಲ್ಲೇಶ್ವರದಲ್ಲಿ ಮಾರ್ಗೋಸಾ ರಸ್ತೆಯೆಂಬುದೊಂದಿದೆ. ಮಾರ್ಗೋಸಾ ಎಂದರೆ ಬೇವು. ಆ ಫಲಕದ ಕೆಳಗೆ ಹಾದುಹೋಗುವಾಗಲೆಲ್ಲ ನನ್ನ ತಲೆ ತಗ್ಗುತ್ತಿತ್ತು.

ಮಸ್ಕಿಯಲ್ಲಿ 1915ರಲ್ಲಿ ದೊರೆತ ಬಂಡೆಶಾಸನವು ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಹೆಸರು ಹೇಳಿ ಲೋಕಕ್ಕೆ ತೋರಿಸಿತು. ಹಾದಿಗಳ ಬದಿಯಲ್ಲಿ ಮರಗಳನ್ನು ನೆಡಿಸಿದೆನೆಂದು ಆ ಚಕ್ರವರ್ತಿಯ ಇತರ ಶಾಸನಗಳು ಸಾರುತ್ತವೆ. ಅವನ ಹೆಸರನ್ನು ಎದೆಯಲ್ಲಿ ಹೊತ್ತ ಊರಿನವನಾಗಿ ನಾನು ನೆರಳನ್ನು ಮಾರಿಕೊಂಡೆ!

ತುಂಗಭದ್ರೆಯ ಕಾಲುವೆ ನೀರಿನಿಂದ ಸಿಂಧನೂರು ಭತ್ತದ ಕಣಜವಾಗಿದೆ. ಲಿಂಗಸುಗೂರು ತಾಲ್ಲೂಕಿಗೆ ಹಟ್ಟಿಯ ಚಿನ್ನವಿದೆ. ಮಸ್ಕಿಯು ಈಗ ತಾಲ್ಲೂಕು ಕೇಂದ್ರ. ಮೂರೂ ಊರುಗಳ ಸುತ್ತ ಹೊಲಗಳು ನಿವೇಶನಗಳಾಗುತ್ತಿವೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಮೀರುವ ಈ ನಾಡಿನಲ್ಲಿ ಅಳೆದು ಮಾರುವವರೂ ಕೊಳ್ಳುವವರೂ ಮರಕ್ಕೆಂದು ಮೊಳ ಜಾಗ ಬಿಡುತ್ತಿಲ್ಲ. ಬೆಂಗಳೂರಿಗೆ ಬುದ್ಧಿ ಕಲಿಸಲು ಮಾರಿಯೇ ಬರಬೇಕಾಯಿತು. ನಮಗೂ ಅಂಥ ಗುರುವೇ ಬೇಕೆ?

ಮನೆಯ ಮಗುವಿಗೆ ಲಿಂಗಧಾರಣೆಯಾದ ದಿನ ಅಂಗಳದಲ್ಲಿಯೋ ಬೀದಿಯಂಚಿನಲ್ಲಿಯೋ ಒಂದು ಬೇವಿನ ಸಸಿಯನ್ನು ನೆಟ್ಟು, ಮೂರು ಬೇಸಿಗೆ ನೀರೆರೆಯುವ ಪದ್ಧತಿಯನ್ನು ನಮ್ಮ ಮನೆತನಗಳು ಇರಿಸಿಕೊಳ್ಳಬಾರದೇಕೆ? ಮಗುವಿನೊಡನೆ ಮರವೂ ಬೆಳೆಯುತ್ತದೆ.

ಊರಿಗೆ ಮರಳಿದೊಡನೆ ಒಂದು ಅಂಗಡಿಯನ್ನು ತೆರವುಗೊಳಿಸಿ, ಆ ಜಾಗದಲ್ಲಿ ಬೇವಿನ ಸಸಿಯೊಂದನ್ನು ನೆಟ್ಟಿದ್ದೇನೆ. ಈಗ ಅದು ನನ್ನ ಮೊಣಕಾಲೆತ್ತರವಿದೆ. ಅದರ ನೆರಳಿನಲ್ಲಿ ಕೂರುವ ಭಾಗ್ಯ ನನಗಿರಲಾರದು. ಮೊಮ್ಮಗನು ದಿನವೂ ತಂಬಿಗೆಯಲ್ಲಿ ನೀರು ತಂದು ಹಾಕುತ್ತಿದ್ದಾನೆ, ಅವನಿಗಿರಲಿ.