ಗಂಧೆಯಿಲ್ಲದ ತುರಿಕೆ: ಬಸುರಿಯರಿರುವ ಪ್ರತಿ ಮನೆಗೂ ತಿಳಿದಿರಬೇಕಾದ ವಿಷಯ



ವೈದ್ಯಕೀಯ ನೆರವು ನಿಧಿಯ ಪರವಾಗಿ ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಡಯಾಲಿಸಿಸ್, ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಇಂಥ ದೊಡ್ಡ ಖರ್ಚುಗಳ ಬಗ್ಗೆ ಬರೆಯುತ್ತೇವೆ. ಈ ಸಲದ ವಿಷಯ ಬಸುರಿಯರ ಮೈ ತುರಿಕೆ. ಇದಕ್ಕೂ ಒಂದು ಮನವಿಯೇ ಎಂದು ಕೆಲವರಿಗೆ ಅನ್ನಿಸಬಹುದು. ನಾನು ವೈದ್ಯನಲ್ಲ, ಬ್ಯಾಂಕಿನಿಂದ ನಿವೃತ್ತನಾಗಿ ನಿಧಿಯ ಅರ್ಜಿಗಳನ್ನೂ ಬಿಲ್ಲುಗಳನ್ನೂ ಪರಿಶೀಲಿಸುವ ಕೆಲಸ ಮಾಡುತ್ತಿರುವವನು. ಇಲ್ಲಿ ಬರೆದಿರುವ ವೈದ್ಯಕೀಯ ಸಂಗತಿಗಳನ್ನು ನಮ್ಮ ಸಮಿತಿಯ ವೈದ್ಯರು ಓದಿ ಒಪ್ಪಿದ್ದಾರೆ. ಮನೆಯಲ್ಲಿ, ನೆರೆಯಲ್ಲಿ, ಕೆಲಸದವರ ಕುಟುಂಬದಲ್ಲಿ ಬಸುರಿಯರಿದ್ದರೆ ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ.

ಹೆಚ್ಚಿನ ತುರಿಕೆ ನಿರಪಾಯಕಾರಿ

ನವೆ, ಕೆರೆತ, ಕಡಿತ, ತುರಿಕೆ ಎಂದು ಊರಿಗೊಂದು ಹೆಸರಿರುವ ಈ ತೊಂದರೆ ಗರ್ಭಿಣಿಯರಲ್ಲಿ ಬಹಳ ಸಾಮಾನ್ಯ. ಹೊಟ್ಟೆಯ ಚರ್ಮ ಹಿಗ್ಗುತ್ತದೆ, ಒಣಗುತ್ತದೆ. ಮುಂಬಯಿಯಂಥ ಊರಿನ ಸೆಕೆಯಲ್ಲಿ ಬೆವರುಸಾಲೆಯೂ ಸೇರಿಕೊಳ್ಳುತ್ತದೆ. ಇದಕ್ಕೆ ಉಗುರು ಬೆಚ್ಚಗಿನ ನೀರಿನ ಸ್ನಾನ, ಸಡಿಲವಾದ ಹತ್ತಿ ಬಟ್ಟೆ, ಸ್ನಾನದ ನಂತರ ಕೊಬ್ಬರಿ ಎಣ್ಣೆ, ತುರಿಕೆ ಇರುವಲ್ಲಿ ಕ್ಯಾಲಮೈನ್ ಲೋಷನ್ ಸಾಕಾಗುತ್ತದೆ. ಉಗುರು ಕತ್ತರಿಸಿಕೊಂಡಿರಬೇಕು, ಕೆರೆದು ಗಾಯವಾದರೆ ಅದೇ ಇನ್ನೊಂದು ತೊಂದರೆ.

ಮನೆಯಲ್ಲಿ ಬೇರೆಯವರಿಗೂ ರಾತ್ರಿ ತುರಿಕೆ ಇದ್ದು, ಬೆರಳ ಸಂದುಗಳಲ್ಲಿ ಸಣ್ಣ ಗುಳ್ಳೆಗಳಿದ್ದರೆ ಅದು ಕಜ್ಜಿ ಇರಬಹುದು. ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಕಡೆ ಇದು ಬೇಗ ಹರಡುತ್ತದೆ. ಬಸುರಿಗೆ ಮಾತ್ರ ಔಷಧ ಹಚ್ಚಿದರೆ ಹೋಗುವುದಿಲ್ಲ, ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು.

ಕೊನೆಯ ವಾರಗಳಲ್ಲಿ, ಮುಖ್ಯವಾಗಿ ಚೊಚ್ಚಲ ಬಸುರಿಯರಿಗೆ, ಹೊಟ್ಟೆಯ ಹಿಗ್ಗಿದ ಗೆರೆಗಳ ಮೇಲೆ ಕೆಂಪು ದದ್ದುಗಳೆದ್ದು ತೊಡೆಗೆ ಹರಡುವುದುಂಟು. ಹೊಕ್ಕುಳಿನ ಸುತ್ತ ಸಾಮಾನ್ಯವಾಗಿ ಇರುವುದಿಲ್ಲ. ವಿಪರೀತ ತುರಿಸಿದರೂ ಮಗುವಿಗೆ ಇದರಿಂದ ಅಪಾಯವಿಲ್ಲ, ಹೆರಿಗೆಯಾದ ಕೆಲವು ವಾರಗಳಲ್ಲಿ ಹೋಗುತ್ತದೆ. ಆದರೆ ದದ್ದು ಹೊಕ್ಕುಳಿನ ಸುತ್ತಲೇ ಆರಂಭವಾಗಿ ನೀರುಗುಳ್ಳೆಗಳಾದರೆ ಅದು ಬೇರೆಯೇ, ಅಪರೂಪದ ಕಾಯಿಲೆ. ಅದಕ್ಕೆ ಚರ್ಮವೈದ್ಯರನ್ನು ಕಾಣಲೇಬೇಕು.

ಪಿತ್ತದ ಗಂಧೆ

ಮೈಮೇಲೆ ಇದ್ದಕ್ಕಿದ್ದಂತೆ ಸೊಳ್ಳೆ ಕಚ್ಚಿದ ಹಾಗೆ, ಕೆಲವೊಮ್ಮೆ ಅಂಗೈ ಅಗಲಕ್ಕೆ, ಉಬ್ಬಿದ ದದ್ದು ಎದ್ದರೆ ನಾವು ಪಿತ್ತದ ಗಂಧೆ ಎನ್ನುತ್ತೇವೆ. ವೈದ್ಯರು ಅರ್ಟಿಕೇರಿಯಾ ಎನ್ನುತ್ತಾರೆ. ಒಂದು ಕಡೆ ಎದ್ದ ಗಂಧೆ ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತಿಲ್ಲದಂತೆ ಅಡಗಿ, ಇನ್ನೊಂದು ಕಡೆ ಏಳುತ್ತದೆ. ಯಾವುದೋ ಆಹಾರ, ಮಾತ್ರೆ, ಕೀಟ, ಸೋಂಕು, ಬಿಸಿ ಅಥವಾ ಚಳಿ ಕಾರಣವಿರಬಹುದು. ಎಷ್ಟೋ ಸಲ ಕಾರಣ ಗೊತ್ತಾಗುವುದೇ ಇಲ್ಲ.

ನಮ್ಮ ಕರಾವಳಿಯ ಮನೆಗಳಲ್ಲಿ ಇದಕ್ಕೆ ಪುನರ್ಪುಳಿ ಪಾನಕ ಕೊಡುತ್ತಾರೆ. ಕುಡಿಯಲು ಅಡ್ಡಿಯಿಲ್ಲ. ಕಂಬಳಿಯಿಂದ ಮೈ ಉಜ್ಜುವ ಪದ್ಧತಿಯೂ ಕೆಲವೆಡೆ ಇದೆ. ಅದು ಬೇಡ, ಉಜ್ಜಿದಷ್ಟೂ ಗಂಧೆ ಹೆಚ್ಚುತ್ತದೆ. ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಇಡುವುದು ಒಳ್ಳೆಯದು. ಸೆಟ್ರಿಜಿನ್, ಲೋರಾಟಡಿನ್‌ನಂಥ ಮಾತ್ರೆಗಳನ್ನು ವೈದ್ಯರು ಬಸುರಿಯರಿಗೂ ಬರೆದುಕೊಡುತ್ತಾರೆ. ಆದರೆ ಯಾವುದು, ಎಷ್ಟು ದಿನ ಎಂಬುದನ್ನು ಹೇಳಬೇಕಾದವರು ಅವರೇ.

ತುಟಿ, ನಾಲಿಗೆ, ಕಣ್ಣಿನ ಸುತ್ತ ಊತ, ಉಸಿರಾಟಕ್ಕೆ ಕಷ್ಟ, ತಲೆಸುತ್ತು ಇವು ಗಂಧೆಯ ಜೊತೆ ಕಾಣಿಸಿಕೊಂಡರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಆಗ ಕೊಡುವ ಅಡ್ರಿನಲಿನ್ ಚುಚ್ಚುಮದ್ದನ್ನು ಬಸುರಿ ಎಂಬ ಕಾರಣಕ್ಕೆ ಬೇಡವೆನ್ನಬಾರದು. ತಾಯಿ ಉಳಿದರೆ ತಾನೇ ಮಗು.

ದದ್ದು ಕಾಣದ ತುರಿಕೆ

ಈ ಲೇಖನ ಬರೆಯಲು ನಿಜವಾದ ಕಾರಣ ಇದು. ಗಂಧೆಗೆ ಪಿತ್ತವೆಂಬ ಹೆಸರಿದ್ದರೂ ಅದಕ್ಕೂ ಲಿವರಿನ ಪಿತ್ತರಸಕ್ಕೂ ಸಂಬಂಧವಿಲ್ಲ. ಪಿತ್ತರಸ ನಿಜವಾಗಿ ಏರುಪೇರಾದಾಗ ಗಂಧೆ ಏಳುವುದಿಲ್ಲ, ಬರೀ ತುರಿಕೆ ಇರುತ್ತದೆ. ಕೆರೆದ ಗೀರುಗಳ ಹೊರತು ಮೈಮೇಲೆ ತೋರಿಸಲು ಏನೂ ಇಲ್ಲದ್ದರಿಂದ ಮನೆಯವರು ನಂಬುವುದೂ ಕಡಿಮೆ.

ಗರ್ಭದ ಹಾರ್ಮೋನುಗಳಿಂದ ಕೆಲವರ ಲಿವರಿನಲ್ಲಿ ಪಿತ್ತರಸದ ಹರಿವು ನಿಧಾನವಾಗುತ್ತದೆ. ಕರುಳಿಗೆ ಇಳಿಯಬೇಕಾದ ಪಿತ್ತಾಮ್ಲ, ಅಂದರೆ ಬೈಲ್ ಆಸಿಡ್, ರಕ್ತದಲ್ಲಿ ಉಳಿಯುತ್ತದೆ. ಇದನ್ನು ಗರ್ಭಕಾಲದ ಕೊಲೆಸ್ಟಾಸಿಸ್ ಎನ್ನುತ್ತಾರೆ. ಸಾಮಾನ್ಯವಾಗಿ 28 ವಾರಗಳ ನಂತರ ಕಾಣಿಸಿಕೊಳ್ಳುತ್ತದೆ. ಅಂಗೈ ಮತ್ತು ಅಂಗಾಲುಗಳಲ್ಲಿ ತುರಿಕೆ ಜೋರು, ರಾತ್ರಿ ಇನ್ನೂ ಜೋರು, ನಿದ್ದೆಯೇ ಇಲ್ಲ. ಕೆಲವರಿಗೆ ಮೂತ್ರದ ಬಣ್ಣ ಗಾಢವಾಗಿ, ಮಲದ ಬಣ್ಣ ಬಿಳಚುತ್ತದೆ. ಹಿಂದಿನ ಬಸುರಿನಲ್ಲಿ ಬಂದವರಿಗೆ, ತಾಯಿಗೋ ಅಕ್ಕತಂಗಿಯರಿಗೋ ಬಂದಿದ್ದವರಿಗೆ, ಅವಳಿ ಮಕ್ಕಳಿರುವವರಿಗೆ ಸಾಧ್ಯತೆ ಹೆಚ್ಚು. ಬ್ರಿಟನ್ನಿನಲ್ಲಿ ಒಟ್ಟು ಬಸುರಿಯರಲ್ಲಿ ಇದು ಶೇಕಡಾ 0.7ರಷ್ಟಿದ್ದರೆ, ಅಲ್ಲಿನ ಭಾರತ ಹಾಗೂ ಪಾಕಿಸ್ತಾನ ಮೂಲದವರಲ್ಲಿ ಶೇಕಡಾ 1.2ರಿಂದ 1.5ರಷ್ಟಿದೆ. ಅಂದರೆ ಇದು ನಮ್ಮವರಿಗೆ ದೂರದ ಕಾಯಿಲೆಯಲ್ಲ.

ತಾಯಿಗೆ ಇದರಿಂದ ನಿದ್ದೆಗೆಡುವ ಸಂಕಟ, ಮಗುವಿಗೆ ಅದಕ್ಕಿಂತ ಹೆಚ್ಚಿನದು. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ, ಅನೇಕ ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿದ ಅಧ್ಯಯನ ಈ ಲೆಕ್ಕವನ್ನು ಸ್ಪಷ್ಟಪಡಿಸಿತು. ಪಿತ್ತಾಮ್ಲದ ಮಟ್ಟ 40ಕ್ಕಿಂತ ಕಡಿಮೆ ಇದ್ದವರಲ್ಲಿ ಮಗು ಗರ್ಭದಲ್ಲೇ ತೀರಿಕೊಳ್ಳುವ ಪ್ರಮಾಣ ಶೇಕಡಾ 0.13. ಮಟ್ಟ 100 ಅಥವಾ ಹೆಚ್ಚು ಇದ್ದವರಲ್ಲಿ ಅದು ಶೇಕಡಾ 3.44. ಹೆಚ್ಚಿನವರ ಮಟ್ಟ 100ರ ಒಳಗೇ ಇರುತ್ತದೆ, ಆದ್ದರಿಂದ ಗಾಬರಿ ಬೇಡ. ಆದರೆ ನಮ್ಮ ಮನೆಯ ಹೆಣ್ಣುಮಗಳು ಯಾವ ಸಾಲಿನಲ್ಲಿದ್ದಾಳೆ ಎಂದು ತುರಿಕೆಯ ಜೋರು ನೋಡಿ ಹೇಳಲಾಗದು. ರಕ್ತ ಪರೀಕ್ಷೆಯೇ ಹೇಳಬೇಕು.

ಬೇಕಾದ ಪರೀಕ್ಷೆಗಳು ಎರಡು. ಒಂದು ಲಿವರ್ ಫಂಕ್ಷನ್ ಟೆಸ್ಟ್, ಇನ್ನೊಂದು ಸೀರಮ್ ಬೈಲ್ ಆಸಿಡ್. ಕೆಲವು ಲ್ಯಾಬ್‌ಗಳು ಪಿತ್ತಾಮ್ಲ 10 ದಾಟಿದರೆ ಹೆಚ್ಚು ಎಂದು ಮುದ್ರಿಸುತ್ತವೆ. ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಸ್ಥೆ 2022ರಲ್ಲಿ ಬಸುರಿಯರಿಗೆ 19 ಎಂಬ ಮಿತಿ ಹೇಳಿದೆ. ಅಂಕಿಯನ್ನು ನಾವೇ ಓದಿ ತೀರ್ಮಾನಿಸದೆ ವೈದ್ಯರಿಗೆ ತೋರಿಸಬೇಕು. ಮೊದಲ ವರದಿ ಸರಿಯಿದ್ದು ತುರಿಕೆ ಮುಂದುವರಿದರೆ ಮತ್ತೆ ಮಾಡಿಸಬೇಕು, ಏಕೆಂದರೆ ತುರಿಕೆ ಮೊದಲು ಬಂದು ರಕ್ತದಲ್ಲಿ ಏರಿಕೆ ಆಮೇಲೆ ಕಾಣುವುದುಂಟು.

ಚಿಕಿತ್ಸೆಗೆ ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಎಂಬ ಮಾತ್ರೆ ಬರೆಯುತ್ತಾರೆ. ಕೆಲವರ ತುರಿಕೆ ಸ್ವಲ್ಪ ತಗ್ಗುತ್ತದೆ. ಆದರೆ 2019ರಲ್ಲೇ ಪ್ರಕಟವಾದ, ಬ್ರಿಟನ್ನಿನ 605 ಬಸುರಿಯರ ಮೇಲಿನ ಪ್ರಯೋಗದಲ್ಲಿ ಅದರಿಂದ ಮಗುವಿಗೆ ರಕ್ಷಣೆ ಸಿಕ್ಕಿದ್ದು ಕಂಡುಬರಲಿಲ್ಲ. ಹಾಗಾಗಿ ಮಾತ್ರೆ ನುಂಗುತ್ತಿದ್ದೇವೆ ಎಂದು ತಪಾಸಣೆ ಬಿಡುವಂತಿಲ್ಲ. ನಿಜವಾದ ನಿರ್ಧಾರ ಹೆರಿಗೆಯ ಸಮಯದ್ದು. ಮಟ್ಟ 100 ದಾಟಿದವರಿಗೆ 35–36ನೇ ವಾರದಲ್ಲೇ ಹೆರಿಗೆ ಮಾಡಿಸುವ ವಿಚಾರ ಬರುತ್ತದೆ, ಕಡಿಮೆ ಇರುವವರು ಇನ್ನಷ್ಟು ಕಾಯಬಹುದು. ಮಗುವಿನ ಅಲುಗಾಟ ಕಡಿಮೆಯಾಯಿತೆಂದು ಅನ್ನಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೆರಿಗೆಯ ನಂತರ ತುರಿಕೆ ತಾನೇ ನಿಲ್ಲುತ್ತದೆ, ಲಿವರ್ ಸರಿಹೋಯಿತೇ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಬೇಕು.

ಕಣ್ಣು ಹಳದಿಯಾಗಿದ್ದರಂತೂ ಕಾಮಾಲೆಯ ನಾಟಿ ಔಷಧಿ ಹುಡುಕುತ್ತಾ ಊರಿನ ರೈಲು ಹತ್ತಬೇಡಿ. ನಮ್ಮ ದೇಶದಲ್ಲಿ ನೀರಿನಿಂದ ಹರಡುವ ಹೆಪಟೈಟಿಸ್ ಇ ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಪ್ರಾಣಾಪಾಯ ತರಬಲ್ಲದು.

ಭಾಷೆ ಮತ್ತು ಮುಲಾಮು

ಹೊರನಾಡಿನಲ್ಲಿರುವ ನಮ್ಮವರಿಗೆ ಎರಡು ಅಡ್ಡಿಗಳಿವೆ. ಮೊದಲನೆಯದು ಭಾಷೆ. ಕಲಬುರಗಿ, ವಿಜಯಪುರ ಕಡೆಯಿಂದ ಹೊಸದಾಗಿ ಕೆಲಸಕ್ಕೆ ಬಂದ ಹೆಣ್ಣುಮಗಳು ಗದ್ದಲದ ಓಪಿಡಿಯಲ್ಲಿ ‘ಖಾಜ್’ ಎಂದಷ್ಟೇ ಹೇಳಿದರೆ ಲೋಷನ್ ಬರೆದು ಕಳಿಸುತ್ತಾರೆ. ತುರಿಕೆ ಎಲ್ಲಿ, ಯಾವಾಗ, ದದ್ದು ಇದೆಯೋ ಇಲ್ಲವೋ, ಈ ಮೂರನ್ನೂ ಹೇಳಿದಾಗಲೇ ವೈದ್ಯರಿಗೆ ಸಂಶಯ ಬರುವುದು. ಮರಾಠಿಯಲ್ಲಿ ಹೀಗೆ ಹೇಳಬಹುದು: ‘ಹಾತಾ-ಪಾಯಾಂಚ್ಯಾ ತಳವ್ಯಾಂನಾ ಖಾಜ್ ಯೇತೇ, ರಾತ್ರೀ ಜಾಸ್ತ್ ಯೇತೇ, ಅಂಗಾವರ್ ಪುರಳ್ ನಾಹೀ.’ ಹಿಂದಿಯಲ್ಲಿ: ‘ಹಥೇಲಿ ಔರ್ ತಲವೋಂ ಮೇಂ ಖುಜಲೀ ಹೈ, ರಾತ್ ಕೋ ಜ್ಯಾದಾ, ದಾನೇ ನಹೀಂ ಹೈಂ.’ ಇದನ್ನು ಕತ್ತರಿಸಿ ಹೆರಿಗೆ ಕಾರ್ಡಿನ ಜೊತೆ ಇಟ್ಟುಕೊಂಡರೂ ಆಯಿತು.

ಎರಡನೆಯದು ಮೆಡಿಕಲ್ ಶಾಪಿನ ಮುಲಾಮು. ಕೇಳಿದ ಕೂಡಲೇ ಕೈಗೆ ಸಿಗುವ, ಮೂರು ನಾಲ್ಕು ಔಷಧ ಬೆರೆಸಿದ ಟ್ಯೂಬುಗಳಲ್ಲಿ ಹೆಚ್ಚಾಗಿ ಜೋರಾದ ಸ್ಟೆರಾಯ್ಡ್ ಇರುತ್ತದೆ. ಹುಳುಕಡ್ಡಿ ಇದ್ದರೆ ಇದರಿಂದ ಇನ್ನೂ ಹರಡುತ್ತದೆ. ಬಸುರಿಯರು ವೈದ್ಯರನ್ನು ಕೇಳದೆ ಮೈತುಂಬ ಹಚ್ಚುವಂತಿಲ್ಲ. ಕೊಲೆಸ್ಟಾಸಿಸ್‌ಗೆ ಇದು ಔಷಧವೂ ಅಲ್ಲ, ಹಚ್ಚುತ್ತಾ ಕೂತರೆ ದಿನಗಳು ಕಳೆಯುತ್ತವೆ ಅಷ್ಟೇ.

ನಿಧಿಯ ಮನವಿ

ಸರ್ಕಾರಿ ಸೌಲಭ್ಯಗಳನ್ನು ಮೊದಲು ಬಳಸಿಕೊಳ್ಳೋಣ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಹೆರಿಗೆ, ಔಷಧ, ಪರೀಕ್ಷೆಗಳು ಉಚಿತ. 2016ರಿಂದ ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುತ್ತದೆ. ಆದರೆ ಬೈಲ್ ಆಸಿಡ್ ಪರೀಕ್ಷೆ ಎಲ್ಲ ಕಡೆ ಆಗುವುದಿಲ್ಲ. ‘ಹೊರಗೆ ಮಾಡಿಸಿ ತನ್ನಿ’ ಎಂದು ಚೀಟಿ ಕೊಡುತ್ತಾರೆ.

ನಮ್ಮ ಬಳಿ ಬಂದ ಒಂದು ಅರ್ಜಿಯ ಮಾತು ಹೇಳುತ್ತೇನೆ. ಹೆಸರು, ಊರು ಬೇಡ. ಗಂಡ ಹೆಂಡತಿ ಇಬ್ಬರೂ ಕಟ್ಟಡ ಕೆಲಸದವರು. ಆಕೆಗೆ 34 ವಾರ. ವೈದ್ಯರು ಸರಿಯಾಗಿಯೇ ಸಂಶಯಪಟ್ಟು ಚೀಟಿ ಬರೆದಿದ್ದರು. ಆ ಚೀಟಿ ಆರು ದಿನ ಆಕೆಯ ಸೆರಗಿನ ಗಂಟಿನಲ್ಲೇ ಇತ್ತು, ಏಕೆಂದರೆ ಬಟವಾಡೆ ಶನಿವಾರ. ನಮ್ಮ ಸದಸ್ಯೆಯೊಬ್ಬರಿಗೆ ತಿಳಿದು ಅವರು ಕೈಯಿಂದ ಹಣ ಕೊಟ್ಟು ಪರೀಕ್ಷೆ ಮಾಡಿಸಿದರು. ಮಟ್ಟ 100 ದಾಟಿತ್ತು. ಆಸ್ಪತ್ರೆಗೆ ಸೇರಿಸಿಕೊಂಡು ಹೆರಿಗೆ ಮಾಡಿಸಿದರು. ಮಗು ಕೆಲವು ದಿನ ಎನ್‌ಐಸಿಯುನಲ್ಲಿದ್ದು ತಾಯಿಯ ಜೊತೆ ಮನೆಗೆ ಹೋಯಿತು. ಮರುಪಾವತಿಯ ಅರ್ಜಿ ನನ್ನ ಮೇಜಿಗೆ ಬಂದಾಗ ಮಗುವಿಗೆ ತಿಂಗಳಾಗಿತ್ತು.

ನಮ್ಮ ನಿಯಮದ ಪ್ರಕಾರ ಅರ್ಜಿ, ಬಿಲ್ಲು, ತಿಂಗಳಿಗೊಂದು ಸಭೆ, ನಂತರ ಚೆಕ್. ದೊಡ್ಡ ಮೊತ್ತಕ್ಕೆ ಈ ಕ್ರಮ ಸರಿ, ದಾನಿಗಳ ಹಣಕ್ಕೆ ಲೆಕ್ಕ ಇರಲೇಬೇಕು. ಆದರೆ 34ನೇ ವಾರದಲ್ಲಿರುವ ಬಸುರಿಗೆ ನಮ್ಮ ಮುಂದಿನ ಸಭೆಯವರೆಗೆ ಕಾಯಲು ಸಮಯವಿಲ್ಲ. ಬೇಕಾದ ಹಣವಾದರೂ ಎಷ್ಟು? ಒಂದು ಪರೀಕ್ಷೆಗೆ ಸಾವಿರ, ಎರಡು ಸಾವಿರದ ಮಾತು. ದೊಡ್ಡ ನಿಧಿಯಲ್ಲಿ ಅದು ಚಿಲ್ಲರೆ, ದಿನಗೂಲಿಯವರಿಗೆ ಒಂದು ವಾರದ ಅಡುಗೆ.

ಆದ್ದರಿಂದ ಬಸುರಿಯರ ತುರ್ತು ಪರೀಕ್ಷೆಗೆಂದೇ ಪ್ರತ್ಯೇಕವಾದ ಕೈಗಡ ನಿಧಿಯೊಂದನ್ನು ಇಡಬೇಕೆಂದು ಮುಂದಿನ ಮಹಾಸಭೆಯಲ್ಲಿ ಸಮಿತಿ ಕೇಳಲಿದೆ. ವೈದ್ಯರ ಚೀಟಿಯ ಫೋಟೋ ಬಂದ ದಿನವೇ ಇಬ್ಬರು ಪದಾಧಿಕಾರಿಗಳ ಒಪ್ಪಿಗೆಯಿಂದ ಹಣ ನೇರವಾಗಿ ಲ್ಯಾಬಿನ ಖಾತೆಗೆ ಹೋಗುತ್ತದೆ. ನಗದು ಯಾರ ಕೈಗೂ ಇಲ್ಲ. ಖರ್ಚಿನ ಪಟ್ಟಿಯನ್ನು ರೋಗಿಯ ಹೆಸರಿಲ್ಲದೆ ಪ್ರತಿ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಒಬ್ಬ ಸದಸ್ಯರು ವರ್ಷಕ್ಕೆ ಒಂದು ಪರೀಕ್ಷೆಯ ಹೊಣೆ ಹೊತ್ತರೆ ಸಾಕು. ಮನೆಯಲ್ಲಿ ಸೀಮಂತ, ನಾಮಕರಣ ಇದ್ದರೆ ಆ ದಿನದ ಹೆಸರಿನಲ್ಲಿ ಕೊಡಬಹುದು. ಕಚೇರಿಯಲ್ಲಿ ಕೊಟ್ಟರೂ, ಬ್ಯಾಂಕಿಗೆ ಹಾಕಿದರೂ ‘ಬಸುರಿಯರ ಪರೀಕ್ಷೆ’ ಎಂದು ನಮೂದಿಸಿದರೆ ಅದಕ್ಕೇ ಬಳಕೆಯಾಗುತ್ತದೆ, ರಸೀದಿ ಮನೆಗೆ ಬರುತ್ತದೆ.

ಹಣ ಕೊಡಲಾಗದವರು ಇನ್ನೊಂದು ಸಹಾಯ ಮಾಡಬಹುದು. ನಿಮ್ಮ ಕಟ್ಟಡದ ವಾಚ್‌ಮನ್‌ನ ಹೆಂಡತಿ, ಹೋಟೆಲಿನ ಹುಡುಗನ ಅಕ್ಕ, ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ಬಸುರಿಯಾಗಿದ್ದರೆ, ‘ಅಂಗೈ ಅಂಗಾಲು ತುರಿಸುತ್ತದೆಯೇನಮ್ಮಾ, ರಾತ್ರಿ ನಿದ್ದೆ ಬರುತ್ತದೆಯೇ?’ ಎಂದು ಒಮ್ಮೆ ಕೇಳಿ. ಹೌದು ಎಂದರೆ ಮರುದಿನವೇ ಆಸ್ಪತ್ರೆಗೆ ಕಳಿಸಿ, ಭಾಷೆ ಬಾರದಿದ್ದರೆ ಜೊತೆಗೆ ಹೋಗಿ, ನಮಗೂ ಒಂದು ಮಾತು ತಿಳಿಸಿ.