ಬೀಪ್ ಹೊರಟಿದ್ದು ಯಾವಾಗ? ಅನಲಾಗ್ ಔಟ್‌ಪುಟ್‌ಗೆ ಟ್ರಿಗರ್ ಯಾಕೆ ಬೇಕು

ನಾನು ಓದಿದ್ದು ಬಿಕಾಂ, ಆದ್ರೆ ಇವತ್ತಿನ ಲೆಕ್ಕ ದುಡ್ಡಿಂದಲ್ಲ, ಮಿಲಿಸೆಕೆಂಡಿಂದು.

ಒಂದು ಪ್ರಯೋಗ ತಗೊಳ್ಳಿ. ಆಂಪ್ಲಿಫೈಯರ್ ಮೂಲಕ ಸ್ಪೀಕರ್‌ಗೆ ಒಂದು ಬೀಪ್ ಕಳಿಸ್ತೀರಿ, ಒಂದು ಮೀಟರ್ ದೂರದಲ್ಲಿ ಮೈಕ್ ಇದೆ. ಬೀಪ್ ತಲುಪೋಕೆ ಎಷ್ಟು ಹೊತ್ತಾಯ್ತು ಅಂತ ಗೊತ್ತಾದರೆ ಶಬ್ದದ ವೇಗ ಸಿಗುತ್ತೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 343 ಮೀಟರ್. ಅಂದ್ರೆ ಒಂದು ಮೀಟರ್ ದಾಟೋಕೆ ಬರೀ 2.9 ಮಿಲಿಸೆಕೆಂಡ್!

ಬೀಪ್ ಕಳಿಸೋದು, ಮೈಕ್ ಓದೋದು ಎರಡನ್ನೂ ಒಂದೇ ಡೇಟಾ ಅಕ್ವಿಸಿಷನ್ ಡಬ್ಬಿ ಮಾಡುತ್ತೆ. ಪ್ರೋಗ್ರಾಮ್‌ನಲ್ಲಿ 'ಓದೋಕೆ ಶುರು ಮಾಡು', ಮುಂದಿನ ಸಾಲಲ್ಲಿ 'ಕಳಿಸು' ಅಂತ ಬರೆದರೆ ಸಾಕು ಅನ್ಸುತ್ತೆ. ಸಾಲಲ್ಲ. ಆ ಎರಡು ಸಾಲುಗಳ ನಡುವೆ ವಿಂಡೋಸ್ ಬೇರೆ ಕೆಲಸಕ್ಕೆ ಹೋಗಿ ಬರಬಹುದು. ಆ ಅಂತರ ಕೆಲವು ಮಿಲಿಸೆಕೆಂಡ್ ಆಗಬಹುದು, ಅದೂ ಒಂದೊಂದು ಸಲ ಒಂದೊಂದು ಥರ. ನಾವು ಅಳೀಬೇಕಾದ 2.9 ಅದರೊಳಗೇ ಮುಳುಗಿಹೋಯ್ತು.

ಟ್ರಿಗರ್ ಈ ಕೆಲಸವನ್ನ ಕಂಪ್ಯೂಟರ್ ಕೈಯಿಂದ ತೆಗೆದು ಹಾರ್ಡ್‌ವೇರ್‌ಗೆ ಕೊಡುತ್ತೆ. ಮೈಕ್ ಓದೋಕೆ ಶುರುವಾದ ಕ್ಷಣ ಡಬ್ಬಿಯೊಳಗೇ ಒಂದು ಪಲ್ಸ್ ಹುಟ್ಟುತ್ತೆ. ಅದನ್ನೇ ಔಟ್‌ಪುಟ್‌ನ ಸ್ಟಾರ್ಟ್ ಟ್ರಿಗರ್ ಮಾಡಿ, ಹೊರಗಡೆ ವೈರ್ ಕೂಡ ಬೇಡ. ಆಮೇಲೂ ಚೂರು ತಡ ಉಳೀಬಹುದು, ಆದ್ರೆ ಅದು ಪ್ರತಿ ಸಲ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಹಾಗಾಗಿ ಕಳೆದುಬಿಡಬಹುದು.

ಇಲ್ಲಿ ಕ್ರಮ ಮುಖ್ಯ. ಮೊದಲು ಔಟ್‌ಪುಟ್ ಟಾಸ್ಕ್ ಶುರು ಮಾಡಿ. ಅದು ಏನೂ ಕಳಿಸಲ್ಲ, ಪಲ್ಸ್‌ಗೆ ಕಾಯುತ್ತೆ. ಆಮೇಲೆ ಇನ್‌ಪುಟ್. ಉಲ್ಟಾ ಮಾಡಿದರೆ ಹೊರಟುಹೋದ ಬಸ್ಸಿಗೆ ಸ್ಟ್ಯಾಂಡಲ್ಲಿ ಕಾದು ಕೂತ ಹಾಗೆ.

ಡಬ್ಬಿ ಕೊಳ್ಳೋರು ಗಮನಿಸಿ: ಸ್ಪೆಸಿಫಿಕೇಷನ್‌ನಲ್ಲಿ 'ಟ್ರಿಗರ್' ಅನ್ನೋ ಪದ ನೋಡಿ ಮರುಳಾಗಬೇಡಿ. ಎನ್‌ಐ ಕಂಪನಿಯ ಯುಎಸ್‌ಬಿ-6008ರಲ್ಲಿ ಟ್ರಿಗರ್ ಇದೆ, ಆದ್ರೆ ಇನ್‌ಪುಟ್‌ಗೆ ಮಾತ್ರ. ಅದರ ಔಟ್‌ಪುಟ್ ನಡೆಯೋದು ಸಾಫ್ಟ್‌ವೇರ್ ಲೆಕ್ಕದಲ್ಲಿ, ಸೆಕೆಂಡಿಗೆ ಹೆಚ್ಚೆಂದರೆ 150 ಸಲ. ಬೀಪ್‌ಗೆ ಅದು ಸಾಲಲ್ಲ. ಯುಎಸ್‌ಬಿ-6211ರಲ್ಲಿ ಔಟ್‌ಪುಟ್‌ಗೂ ಹಾರ್ಡ್‌ವೇರ್ ಟೈಮಿಂಗ್ ಇದೆ, ಸೆಕೆಂಡಿಗೆ 2,50,000 ಸ್ಯಾಂಪಲ್‌ವರೆಗೆ.

ಇನ್ನೊಂದು ಇದೆ, ಪಾಸ್ ಟ್ರಿಗರ್. ಆ ಸಿಗ್ನಲ್ ಇರೋವರೆಗೆ ಔಟ್‌ಪುಟ್ ನಿಲ್ಲುತ್ತೆ. ನಿಲ್ಲೋದು ಅಂದ್ರೆ ಸೊನ್ನೆಗೆ ಬರೋದಲ್ಲ! ಕೊನೆಯ ಸ್ಯಾಂಪಲ್ 4 ವೋಲ್ಟ್ ಆಗಿದ್ದರೆ 4 ವೋಲ್ಟ್ ಹಾಗೇ ಉಳಿಯುತ್ತೆ. ಆ ತುದಿಯಲ್ಲಿ ಹೀಟರ್‌ನ ಕಂಟ್ರೋಲರ್ ಇದ್ದರೆ, ನೀವು ನಿಲ್ಲಿಸಿದೆ ಅಂದ್ಕೊಂಡಾಗಲೂ ಅದು ಕಾಯ್ತಾನೇ ಇರುತ್ತೆ. ಹಾಗಾಗಿ ಪಾಸ್ ಟ್ರಿಗರನ್ನ ಎಮರ್ಜೆನ್ಸಿ ಸ್ವಿಚ್ ಥರ ಬಳಸಬೇಡಿ, ಅದಕ್ಕೆ ಕರೆಂಟ್ ಕಡಿಯೋ ಬೇರೆ ಸ್ವಿಚ್ಚೇ ಬೇಕು. ತರಂಗ ಪೂರ್ತಿ ಮುಗಿದ ಮೇಲೂ ಇದೇ ಕಥೆ. ನೀವು ಕಳಿಸೋ ಕೊನೆಯ ಸ್ಯಾಂಪಲ್ ಸೊನ್ನೆ ಇರಲಿ.